ಹನ್ನೊಂದರಲ್ಲಿ ಒಬ್ಬ: ಗಾಂಜಾ ಅವಲಂಬನೆಯ ಒಂದು ಅನುಪಾತದ ಮರುಪರಿಶೀಲನೆ

ಗಾಂಜಾ ಚಟ ಹಿಡಿಸುತ್ತದೆಯೇ ಎಂದು ಕೇಳಿದವರಿಗೆ ಮೂರು ದಶಕಗಳಿಂದ ಒಂದೇ ಅಂಕಿ ಉತ್ತರವಾಗಿ ಸಿಗುತ್ತಿದೆ. ಬದುಕಿನಲ್ಲಿ ಒಮ್ಮೆಯಾದರೂ ಸೇವಿಸಿದವರಲ್ಲಿ ಶೇ. 9ರಷ್ಟು ಮಂದಿ, ಅಂದರೆ ಸುಮಾರು ಹನ್ನೊಂದರಲ್ಲಿ ಒಬ್ಬರು ಅವಲಂಬಿತರಾಗುತ್ತಾರೆ ಎನ್ನುವುದು ಆ ಉತ್ತರ. ಜೇಮ್ಸ್ ಆಂಥೊನಿ, ಲಿನ್ ವಾರ್ನರ್ ಮತ್ತು ರೊನಾಲ್ಡ್ ಕೆಸ್ಲರ್ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದನ್ನು ಆಧರಿಸಿ 1994ರಲ್ಲಿ ಪ್ರಕಟಿಸಿದ ಲೇಖನ ಇದರ ಮೂಲ. ಭಾರತದಲ್ಲಿ ಮಾದಕವಸ್ತು ಬಳಕೆಯ ಪ್ರಮಾಣ ಕುರಿತು 2019ರಲ್ಲಿ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಹೊರತಂದ ವರದಿಯಲ್ಲೂ ಇದೇ ಅನುಪಾತ ಎದುರಾಗುತ್ತದೆ. ದೆಹಲಿಯ ಏಮ್ಸ್ ತಜ್ಞರು ನಡೆಸಿದ ಆ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ. 2.8 ಮಂದಿ ಹಿಂದಿನ ಹನ್ನೆರಡು ತಿಂಗಳಲ್ಲಿ ಗಾಂಜಾ ಗಿಡದ ಯಾವುದಾದರೊಂದು ರೂಪವನ್ನು ಸೇವಿಸಿದ್ದಾರೆ, ಶೇ. 0.25 ಮಂದಿ ಅವಲಂಬಿತರು. ಭಾಗಿಸಿ ನೋಡಿದರೆ ಮತ್ತೆ ಹನ್ನೊಂದರಲ್ಲಿ ಒಬ್ಬ.

ಎರಡು ದೇಶ, ಕಾಲು ಶತಮಾನದ ಅಂತರ, ಅನುಪಾತ ಮಾತ್ರ ಒಂದೇ. ಇದನ್ನು ಗಿಡದ ಸ್ಥಿರ ಗುಣವೆಂದು ಓದುವ ಆಸೆ ಯಾರಿಗೂ ಹುಟ್ಟುತ್ತದೆ. ಆ ಓದನ್ನು ನಾನು ಒಪ್ಪುವುದಿಲ್ಲ. ಈ ಹೊಂದಾಣಿಕೆ ಆಕಸ್ಮಿಕವೆಂದೂ ಭಾರತದ ಅಂಕಿ ಎರಡು ಭಿನ್ನ ಜನವರ್ಗಗಳನ್ನು ಒಂದೇ ಚೀಲಕ್ಕೆ ತುಂಬಿ ತೆಗೆದ ಸರಾಸರಿಯೆಂದೂ ಇಲ್ಲಿ ವಾದಿಸುತ್ತೇನೆ. ಕರ್ನಾಟಕದ ಓದುಗರಿಗೆ ಇದು ಬರೀ ಅಂಕಿಗಳ ಜಗಳವಲ್ಲ. ಆಪ್ತಸಮಾಲೋಚಕರ ಮುಂದೆ ಕುಳಿತ ಹುಡುಗನಿಗೆ ‘ಹತ್ತು ಜನಕ್ಕೆ ಏನೂ ಆಗುವುದಿಲ್ಲ’ ಎಂಬ ಭರವಸೆ ಕೊಡುವುದು ಈ ಅಂಕಿಯೇ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಮುಗಿಸೋಣ. ಗಾಂಜಾದ ಮುಖ್ಯ ಮಾದಕಾಂಶವಾದ ಟಿಎಚ್‌ಸಿಯನ್ನು ಇಸ್ರೇಲಿನ ರಫಾಯೆಲ್ ಮೆಕೌಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಬೇರ್ಪಡಿಸಿದರು. ಅದು ಅಂಟಿಕೊಳ್ಳುವ ಸಿಬಿ-1 ಗ್ರಾಹಕದ ತದ್ರೂಪು 1990ರಲ್ಲಿ ಸಿದ್ಧವಾಯಿತು. ಆ ಗ್ರಾಹಕಕ್ಕೆ ಮಿದುಳೇ ತಯಾರಿಸುವ ಆನಂದಮೈಡ್ 1992ರಲ್ಲಿ ಪತ್ತೆಯಾಯಿತು. ಉಸಿರಾಟವನ್ನು ನಿಯಂತ್ರಿಸುವ ಮಿದುಳುಕಾಂಡದಲ್ಲಿ ಈ ಗ್ರಾಹಕಗಳು ವಿರಳ. ಹೆರಾಯಿನ್ ಹೆಚ್ಚಾದರೆ ಉಸಿರು ನಿಲ್ಲುವಂತೆ ಗಾಂಜಾದಿಂದ ಆಗದಿರುವುದಕ್ಕೆ ಇದು ಕಾರಣ. ನಿತ್ಯ ಸೇದುವವರ ಮಿದುಳಿನ ಹೊರಪದರದಲ್ಲಿ ಈ ಗ್ರಾಹಕಗಳು ತಗ್ಗುತ್ತವೆ, ಸುಮಾರು ನಾಲ್ಕು ವಾರ ಬಿಟ್ಟರೆ ಮರಳಿ ಹೆಚ್ಚುತ್ತವೆ ಎಂದು ಹಿರ್ವೊನೆನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದರು. ಬಿಟ್ಟಾಗ ಬರುವ ಸಿಡುಕು, ನಿದ್ರಾಭಂಗ, ವಿಚಿತ್ರ ಕನಸು, ಹಸಿವಿಲ್ಲದಿರುವಿಕೆಗಳನ್ನು ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ 2013ರ ಐದನೆಯ ಆವೃತ್ತಿಯಲ್ಲಿ ಹಿಂಜರಿತದ ಲಕ್ಷಣಸಮೂಹವೆಂದು ಒಪ್ಪಿಕೊಂಡಿತು. ‘ಗಾಂಜಾಕ್ಕೆ ಚಟವೇ ಇಲ್ಲ’ ಎಂಬ ಮಾತಿಗೆ ಇನ್ನು ವೈದ್ಯಕೀಯ ಆಧಾರವಿಲ್ಲ. ಚಟ ಉಂಟು. ಯಾರಿಗೆ, ಎಷ್ಟು, ಯಾವ ಸಂದರ್ಭದಲ್ಲಿ ಎಂಬಲ್ಲಿ ಪ್ರಶ್ನೆ ಉಳಿದಿದೆ.

ಆಂಥೊನಿ ಮತ್ತು ಸಂಗಡಿಗರು ಬಳಸಿದ್ದು 1990–92ರಲ್ಲಿ ನಡೆದ ಸಮೀಕ್ಷೆಯನ್ನು. ಉತ್ತರಿಸಿದವರು 15ರಿಂದ 54 ವರ್ಷದವರು. ಅವರಲ್ಲಿ ಶೇ. 46.3 ಮಂದಿ ಒಮ್ಮೆಯಾದರೂ ಗಾಂಜಾ ಸೇವಿಸಿದ್ದರು. ಬದುಕಿನ ಯಾವುದೋ ಘಟ್ಟದಲ್ಲಿ ಅವಲಂಬನೆಯ ಮಾನದಂಡ ಮುಟ್ಟಿದವರು ಶೇ. 4.2. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಶೇ. 9.1. ಅದೇ ಲೆಕ್ಕದಲ್ಲಿ ತಂಬಾಕಿಗೆ ಶೇ. 31.9, ಹೆರಾಯಿನ್‌ಗೆ 23.1, ಕೊಕೇನ್‌ಗೆ 16.7, ಮದ್ಯಕ್ಕೆ 15.4 ಬಂತು. ಗಾಂಜಾ ಮದ್ಯಕ್ಕಿಂತ ಸೌಮ್ಯ ಎಂಬ ವಾದಕ್ಕೆ ಆಧಾರವಾದದ್ದು ಈ ಪಟ್ಟಿ.

ಈ ಲೆಕ್ಕದ ಛೇದದಲ್ಲಿ ಯಾರಿದ್ದಾರೆಂದು ನೋಡಬೇಕು. ಕಾಲೇಜಿನಲ್ಲಿ ಒಂದೇ ಸಂಜೆ ಎರಡು ದಮ್ಮು ಎಳೆದು ಮತ್ತೆಂದೂ ಮುಟ್ಟದವರು ಅಲ್ಲಿದ್ದಾರೆ, ಇಪ್ಪತ್ತು ವರ್ಷ ದಿನವೂ ಸೇದಿದವರೂ ಇದ್ದಾರೆ. ಅಂಶದಲ್ಲಿ ಇರುವುದು ಎಂದಾದರೂ ಅವಲಂಬಿತರಾಗಿದ್ದವರು. ಭಾರತದ ಲೆಕ್ಕ ಹಾಗಿಲ್ಲ. ಅದರ ಛೇದದಲ್ಲಿ ಇರುವವರು ಕಳೆದ ಒಂದು ವರ್ಷದಲ್ಲಿ ಸೇವಿಸಿದವರಷ್ಟೆ. ಅಂಶದಲ್ಲಿರುವವರು ಸದ್ಯದ ಅವಲಂಬಿತರು. ಎಂದೋ ಒಮ್ಮೆ ರುಚಿ ನೋಡಿ ಬಿಟ್ಟವರು ಲೆಕ್ಕದಿಂದ ಹೊರಗೆ. ಅಳೆದ ಸಾಧನಗಳೂ ಬೇರೆ. ಅಲ್ಲಿ ಮನೋವೈದ್ಯ ಕೈಪಿಡಿಯ ಮಾನದಂಡ, ಇಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಸಿಸ್ಟ್ ಪ್ರಶ್ನಾವಳಿಯ ಅಂಕಗಳು. ಹೀಗೆ ಅಂಶ, ಛೇದ, ಅಳತೆಗೋಲು ಮೂರೂ ಬೇರೆಯಾಗಿ ಭಾಗಲಬ್ಧ ಮಾತ್ರ ಒಂದಾದರೆ ಅದನ್ನು ದೃಢೀಕರಣವೆನ್ನಲು ಬರುವುದಿಲ್ಲ.

ಹಾಗಾದರೆ ಹೋಲಿಸಬಹುದಾದದ್ದನ್ನು ಹೋಲಿಸೋಣ. ಭಾರತದ ಸಮೀಕ್ಷೆ ಅವಲಂಬಿತರ ಜತೆಗೆ ಹಾನಿಕರ ಬಳಕೆಯವರನ್ನೂ ಗುರುತಿಸುತ್ತದೆ. ಇಬ್ಬರೂ ಸೇರಿ ನೆರವು ಬೇಕಾದವರು ಸುಮಾರು 72 ಲಕ್ಷ. ಒಟ್ಟು ಸೇವಿಸುವವರು ಸುಮಾರು 3.1 ಕೋಟಿ. ಅಂದರೆ ಶೇ. 23ರ ಆಸುಪಾಸು. ಅಮೆರಿಕದಲ್ಲಿ ಡೆಬೊರಾ ಹೇಸಿನ್ ಮತ್ತು ಸಂಗಡಿಗರು 2012–13ರ ಸಮೀಕ್ಷೆಯಿಂದ ತೆಗೆದ ಅಂಕಿ ಇದಕ್ಕೆ ಹತ್ತಿರದ ಜೋಡಿ: ಹಿಂದಿನ ವರ್ಷ ಸೇವಿಸಿದವರಲ್ಲಿ ದುರ್ಬಳಕೆ ಅಥವಾ ಅವಲಂಬನೆಯ ತೊಂದರೆ ಇದ್ದವರು ಶೇ. 30.6. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಜಾನಿ ಲ್ಯೂಂಗ್ ಮತ್ತು ಸಂಗಡಿಗರು 2020ರಲ್ಲಿ ಕೊಟ್ಟ ಅಂದಾಜು ಶೇ. 22. ಈ ಮೂರನ್ನೂ ಎದುರಿಗಿಟ್ಟುಕೊಂಡಾಗ ‘ಹನ್ನೊಂದರಲ್ಲಿ ಒಬ್ಬ’ ಹಿಂದೆ ಸರಿದು, ‘ನಾಲ್ಕೈದರಲ್ಲಿ ಒಬ್ಬ’ ಮುಂದೆ ಬರುತ್ತಾನೆ. ಇದರಲ್ಲಿ ಸೌಮ್ಯ ತೊಂದರೆಯವರೂ ಸೇರಿದ್ದಾರೆಂಬುದನ್ನು ಮರೆಯುವಂತಿಲ್ಲ. ತೊಂದರೆ ಮತ್ತು ಅವಲಂಬನೆ ಒಂದೇ ಅಲ್ಲ. ಆದರೂ ಸದ್ಯ ಸೇದುತ್ತಿರುವವನ ಪ್ರಶ್ನೆಗೆ ಸದ್ಯ ಸೇದುವವರ ಅಂಕಿಯನ್ನೇ ಕೊಡಬೇಕಲ್ಲವೆ?

ಇಲ್ಲಿಯವರೆಗಿನದು ಬರೀ ಅಂಕಗಣಿತ. ಇನ್ನು ಮುಂದಿನ ಮಾತಿಗೆ ಹೆಚ್ಚು ಎಚ್ಚರ ಬೇಕು.

3.1 ಕೋಟಿಯೊಳಗೆ ಭಂಗಿ ಸೇವಿಸುವವರು ಸುಮಾರು 2.2 ಕೋಟಿ, ಗಾಂಜಾ ಅಥವಾ ಚರಸ್ ಸೇದುವವರು ಸುಮಾರು 1.3 ಕೋಟಿ. ಕೂಡಿಸಿದರೆ 3.5 ಕೋಟಿ. ಹಾಗಾಗಿ ಸುಮಾರು 40 ಲಕ್ಷ ಜನ ಎರಡನ್ನೂ ಬಳಸುವವರು. ಬರೀ ಭಂಗಿಯವರು ಸುಮಾರು 1.8 ಕೋಟಿ. ಭಂಗಿಯ ಬಳಕೆ ವ್ಯಾಪಕವಾಗಿದ್ದರೂ ಹಾನಿಕರ ಮತ್ತು ಅವಲಂಬಿತ ಬಳಕೆಯ ಪಾಲು ಗಾಂಜಾ–ಚರಸ್ ಸೇದುವವರಲ್ಲೇ ಹೆಚ್ಚೆಂದು ವರದಿಯೇ ಹೇಳುತ್ತದೆ. ಈ ಒಂದು ವಾಕ್ಯಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಎಣಿಕೆ. ಬರೀ ಭಂಗಿಯವರ ಅಪಾಯ ಸೇದುವವರ ಅಪಾಯದ ಅರ್ಧದಷ್ಟು ಎಂದು ಊಹಿಸಿಕೊಳ್ಳಿ. ಆಗ 72 ಲಕ್ಷವನ್ನು ಹಂಚಿದರೆ ಸೇದುವವರಲ್ಲಿ ತೊಂದರೆಗೊಳಗಾದವರು ಸುಮಾರು ಶೇ. 33, ಭಂಗಿಯವರಲ್ಲಿ ಶೇ. 16. ಕಾಲುಭಾಗ ಎಂದುಕೊಂಡರೆ ಸೇದುವವರಲ್ಲಿ ಶೇ. 41, ಭಂಗಿಯವರಲ್ಲಿ ಶೇ. 10. ಈ ಎರಡು ಪ್ರಮಾಣಗಳು ನನ್ನ ಊಹೆಯವು, ಸಮೀಕ್ಷೆಯವಲ್ಲ. ಸರಾಸರಿಯ ಮರೆಯಲ್ಲಿ ಎಷ್ಟು ದೊಡ್ಡ ಕಂದರ ಅಡಗಬಹುದು ಎಂದು ತೋರಿಸುವುದಷ್ಟೇ ಈ ಲೆಕ್ಕದ ಕೆಲಸ.

ಹೀಗೊಂದು ಕಂದರ ಇರಲು ಕಾರಣವಿದೆಯೆ? ಎರಡೂ ಸೇವನೆಗಳನ್ನು ಹತ್ತಿರದಿಂದ ನೋಡಬೇಕು. ಭಂಗಿಗೆ ಬಳಸುವುದು ಗಿಡದ ಎಲೆ. ಅದನ್ನು ನೆನೆಸಿ, ಮೆಣಸು, ಗಸಗಸೆ, ಬಾದಾಮಿಯ ಜತೆ ನುಣ್ಣಗೆ ಅರೆದು, ಹಾಲಿನಲ್ಲಿ ಕದಡಿ ಸೋಸುತ್ತಾರೆ. ಟಿಎಚ್‌ಸಿ ನೀರಿಗಿಂತ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಹಾಲು, ತುಪ್ಪಗಳ ಸಹವಾಸ ಅದಕ್ಕೆ ಒಗ್ಗುತ್ತದೆ. ಕುಡಿದ ಮೇಲೆ ಅದು ಕರುಳಿನಿಂದ ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿ ಬಹುಪಾಲು ರೂಪಾಂತರಗೊಂಡು ನೆತ್ತರಿಗೆ ಬರಬೇಕು. ಅಮಲೇರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಒಮ್ಮೆ ಏರಿದರೆ ಹಲವು ಗಂಟೆ ಇಳಿಯುವುದಿಲ್ಲ. ಗಾಂಜಾ ಎಂದರೆ ಹೆಣ್ಣು ಗಿಡದ ಹೂಗೊಂಚಲು, ಚರಸ್ ಎಂದರೆ ಅದರ ಅಂಟು. ಎಲೆಗಿಂತ ಇವೆರಡರಲ್ಲೂ ಮಾದಕಾಂಶ ಹೆಚ್ಚು. ಚಿಲುಮೆಯಿಂದ ಎಳೆದ ಹೊಗೆ ಶ್ವಾಸಕೋಶದಿಂದ ನೇರವಾಗಿ ಮಿದುಳು ತಲುಪಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಮಾಡಿದ ಕ್ರಿಯೆಗೂ ಸಿಗುವ ಸುಖಕ್ಕೂ ನಡುವಿನ ಅಂತರ ಕಿರಿದಾದಷ್ಟೂ ಮಿದುಳು ಆ ನಂಟನ್ನು ಗಟ್ಟಿಯಾಗಿ ಕಲಿಯುತ್ತದೆ ಎಂಬುದು ವ್ಯಸನಶಾಸ್ತ್ರದ ಸುಸ್ಥಾಪಿತ ಪಾಠಗಳಲ್ಲೊಂದು. ತಂಬಾಕಿನಲ್ಲಿ ನಿಕೊಟಿನ್ ಪಟ್ಟಿಗಿಂತ ಸಿಗರೇಟು ಬಿಡುವುದು ಕಷ್ಟವಾಗುವುದಕ್ಕೂ ಇದೇ ಕಾರಣ.

ಭಾರತದ ಹಳೆಯ ಪುರಾವೆಯೂ ಈ ಕಡೆಗೇ ವಾಲುತ್ತದೆ. ಮೆಂದಿರತ್ತ, ವಿಗ್ ಮತ್ತು ವರ್ಮ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಕಾಲ ಹೆಚ್ಚಾಗಿ ಸೇವಿಸಿದ 25 ಚರಸ್ ಸೇದುವವರನ್ನೂ 25 ಭಂಗಿ ಕುಡಿಯುವವರನ್ನೂ ಸೇವಿಸದ 25 ಜನರೊಂದಿಗೆ ಹೋಲಿಸಿದರು. ಸೇವಿಸುವವರ ಪ್ರತಿಕ್ರಿಯೆ ನಿಧಾನವಾಗಿತ್ತು, ಏಕಾಗ್ರತೆ ಕಡಿಮೆಯಿತ್ತು. ಎಲ್ಲರಿಗಿಂತ ಹಿಂದೆ ಬಿದ್ದವರು ಚರಸ್‌ನವರು. ನೆನಪಿನ ಶಕ್ತಿಯೂ ಅವರಲ್ಲಿ ಕುಂದಿತ್ತು. ಚಿಕ್ಕ ಅಧ್ಯಯನ, ಅಳೆದದ್ದು ಅರಿವಿನ ಶಕ್ತಿಯನ್ನು, ಚಟವನ್ನಲ್ಲ. ಹಾಗಿದ್ದೂ ಭಂಗಿಯನ್ನೂ ಚರಸನ್ನೂ ಬೇರೆಬೇರೆ ಗುಂಪಾಗಿಟ್ಟು ನೋಡಿದ ಅದರ ವಿವೇಕ ನಲವತ್ತು ವರ್ಷಗಳ ನಂತರದ ಓದುಗರಲ್ಲಿ ಉಳಿಯಲಿಲ್ಲವೆಂಬುದು ಖೇದದ ಸಂಗತಿ.

ಇದಕ್ಕೂ ಹಿಂದಿನದು 1893–94ರ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ ಈ ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಮಿತಿಮೀರಿದರೆ ಕೇಡಿದೆ, ಮಿತಿಮೀರುವವರು ಕಡಿಮೆ ಎಂಬ ಅದರ ತೀರ್ಮಾನವನ್ನು ಗಾಂಜಾ ಪರವಾದಿಗಳು ಇಂದಿಗೂ ಉಲ್ಲೇಖಿಸುತ್ತಾರೆ. ನನಗೆ ಆ ತೀರ್ಮಾನಕ್ಕಿಂತ ಆಯೋಗ ಹುಚ್ಚಾಸ್ಪತ್ರೆಯ ಕಡತಗಳನ್ನು ಓದಿದ ಬಗೆ ಮುಖ್ಯ. 1892ರಲ್ಲಿ ದಾಖಲಾದ 1,344 ರೋಗಿಗಳ ಪೈಕಿ 222 ಜನರ ಹುಚ್ಚಿಗೆ ಗಾಂಜಾ ಗಿಡವೇ ಕಾರಣವೆಂದು ಬರೆದಿತ್ತು. ಆಯೋಗ ಒಬ್ಬೊಬ್ಬರ ಪೂರ್ವವೃತ್ತಾಂತ ಕೆದಕಿತು. ರೋಗಿಯನ್ನು ಕರೆತಂದ ಪೊಲೀಸರು ನಮೂನೆಯ ‘ಕಾರಣ’ ಎಂಬ ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. ಸೇದುತ್ತಿದ್ದನೆಂದು ಯಾರಾದರೂ ಹೇಳಿದರೆ ಅದೇ ಕಾರಣವಾಗಿ ಕಡತ ಸೇರುತ್ತಿತ್ತು. ಪರಿಶೀಲನೆಯ ನಂತರ ಉಳಿದವರು 98. ಬೇರೆ ಕಾರಣದ ಸೋಂಕಿಲ್ಲದವರು 61. ಅಂಕಣದಲ್ಲಿರುವ ಅಂಕಿಯ ಹಿಂದೆ ಯಾರಿದ್ದಾರೆ ಎಂದು ಕೇಳುವ ಆ ಶ್ರಮ ಇಂದಿನ ಅನುಪಾತಗಳಿಗೂ ಸಲ್ಲಬೇಕು. ಆಯೋಗದ ‘ಮಿತ ಬಳಕೆ’ಯೊಳಗೆ ಹೋಳಿಯ ಭಂಗಿ ಎಷ್ಟು, ನಿತ್ಯದ ಚಿಲುಮೆ ಎಷ್ಟು ಎಂದು ಬಿಡಿಸದೆ ಆ ತೀರ್ಮಾನವನ್ನು ಇಂದಿನ ಬೆಂಗಳೂರಿಗೆ ತಂದು ನಿಲ್ಲಿಸುವವರು ಆಯೋಗಕ್ಕೂ ಅನ್ಯಾಯ ಮಾಡುತ್ತಾರೆ.

ಇಷ್ಟು ಹೇಳಿದ ಮೇಲೆ ನನ್ನ ಮುಖ್ಯ ಪ್ರತಿಪಾದನೆ ಇದು: ಭಾರತದ ಮಟ್ಟಿಗೆ ಗಾಂಜಾ ಅವಲಂಬನೆಯಲ್ಲಿ ಕಾಣುವ ವ್ಯತ್ಯಾಸದ ಗಣನೀಯ ಭಾಗ ಸೇವನೆಯ ರೂಪದಲ್ಲಿದೆ, ವ್ಯಕ್ತಿಯ ಒಳಗುಣವನ್ನಷ್ಟೇ ಹುಡುಕುವ ಅಧ್ಯಯನಗಳಿಗೆ ಅದು ಕಾಣುವುದಿಲ್ಲ. ಇದಕ್ಕೆ ಬರಬಹುದಾದ ಆಕ್ಷೇಪಗಳು ಹಗುರವಲ್ಲ.

ಮೊದಲನೆಯದು ಆಯ್ಕೆಯ ಪ್ರಶ್ನೆ. ಭಂಗಿ ಕುಡಿಯುವವರು ಮತ್ತು ಚಿಲುಮೆ ಹಿಡಿಯುವವರು ಚೀಟಿ ಎತ್ತಿ ಆ ಗುಂಪುಗಳನ್ನು ಸೇರಿದವರಲ್ಲ. ಮನೆಮಂದಿಯ ಜತೆ ಶಿವರಾತ್ರಿಗೆ ಕುಡಿಯುವವನ ಬದುಕೂ ಕೂಲಿಯ ದಣಿವಿಗೆ ದಿನವೂ ಸೇದುವವನ ಬದುಕೂ ಬೇರೆ. ಚಟಕ್ಕೆ ಈಡಾಗುವ ಪ್ರವೃತ್ತಿಯುಳ್ಳವರೇ ಸೇದುವುದರ ಕಡೆ ಹೊರಳುತ್ತಿರಬಹುದು. ಅವಳಿಗಳ ಅಧ್ಯಯನಗಳನ್ನು ಒಗ್ಗೂಡಿಸಿ ಕರಿನ್ ಫರ್ವೈ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದಂತೆ ಸಮಸ್ಯಾತ್ಮಕ ಬಳಕೆಯಲ್ಲಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚಿನ ಪಾಲು ಆನುವಂಶಿಕ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಅವಳಿಗಳು ಬಹುಮಟ್ಟಿಗೆ ಸೇದುವ ಸಮಾಜಗಳವರು. ಎಲ್ಲರೂ ಒಂದೇ ರೂಪದಲ್ಲಿ ಸೇವಿಸುವಲ್ಲಿ ರೂಪದಿಂದ ಹುಟ್ಟುವ ವ್ಯತ್ಯಾಸ ಅಂಕಿಯೊಳಗೆ ಮೂಡುವುದೇ ಇಲ್ಲ. ಉಳಿದದ್ದೆಲ್ಲ ವಂಶವಾಹಿಯ ಪಾಲಿಗೆ ಹೋಗುತ್ತದೆ.

ಎರಡನೆಯದು ಆವರ್ತನ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವುದು ಪತ್ರಿಕೆಗಳಲ್ಲಿ ವರದಿಯಾಗಿದೆ. ವರ್ಷಕ್ಕೊಮ್ಮೆ ಅಲ್ಲಿ ಸೇದುವ ಭಕ್ತನೂ ಸೇದುವವನೇ, ಅವನನ್ನು ಚಟಗಾರ ಎನ್ನಲಾಗದು. ದಿನವೂ ಎರಡು ಹೊತ್ತು ಭಂಗಿಯ ಉಂಡೆ ನುಂಗುವವನ ಅಪಾಯ ಇವನಿಗಿಂತ ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಹಾಗಾದರೆ ನಿಜವಾದ ಕಾರಣ ರೂಪವಲ್ಲ, ಎಷ್ಟು ಸಲ ಎಂಬುದೇ ಎಂದು ಕೇಳಬಹುದು. ನನ್ನ ಉತ್ತರ ಅರೆಬರೆಯದು: ಬೇಗ ಏರಿ ಬೇಗ ಇಳಿಯುವ ಅಮಲು ತಾನೇ ಆವರ್ತನವನ್ನು ಹೆಚ್ಚಿಸುತ್ತದೆ. ನಾಲ್ಕು ತಾಸು ತಲೆಯಲ್ಲಿ ನಿಲ್ಲುವ ಭಂಗಿಯನ್ನು ದಿನಕ್ಕೆ ಆರು ಸಲ ಕುಡಿಯುವುದು ಕಷ್ಟ. ಆರು ಸಲ ಸೇದುವುದು ಕಷ್ಟವಲ್ಲ. ಹಾಗೆಂದು ರೂಪ ಮತ್ತು ಆವರ್ತನಗಳನ್ನು ಪೂರ್ತಿ ಬಿಡಿಸಿದ್ದೇನೆ ಎಂದು ಹೇಳಲಾರೆ.

ಮೂರನೆಯದು ನನಗೆ ಅತ್ಯಂತ ಸ್ವಾರಸ್ಯಕರವೆನಿಸಿದ ಆಕ್ಷೇಪ, ಏಕೆಂದರೆ ಅದು ವಾದವನ್ನು ಕೆಡಿಸುವ ಬದಲು ತಿದ್ದುತ್ತದೆ. ಟಿಎಚ್‌ಸಿಯನ್ನು ಪಿತ್ತಜನಕಾಂಗದಲ್ಲಿ ಒಡೆಯುವ ಮುಖ್ಯ ಕಿಣ್ವ ಸಿವೈಪಿ2ಸಿ9. ಇದರ ‘ಸ್ಟಾರ್ 3’ ಎಂಬ ರೂಪಾಂತರ ತಂದೆತಾಯಿ ಇಬ್ಬರಿಂದಲೂ ಬಂದವರಲ್ಲಿ ಕಿಣ್ವದ ಕೆಲಸ ತೀರಾ ನಿಧಾನ. ಜರ್ಮನಿಯ ತಂಡವೊಂದು 2009ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ 15 ಮಿಲಿಗ್ರಾಂ ಟಿಎಚ್‌ಸಿಯನ್ನು ಬಾಯಿಯ ಮೂಲಕ ಕೊಟ್ಟಾಗ, ಇಂಥವರ ನೆತ್ತರಿನಲ್ಲಿ ಒಟ್ಟು ಟಿಎಚ್‌ಸಿ ಉಳಿದವರಿಗಿಂತ ಮೂರು ಪಟ್ಟು ಕಂಡುಬಂತು. ಈ ರೂಪಾಂತರ ದಕ್ಷಿಣ ಭಾರತೀಯರಲ್ಲಿ ಅಪರೂಪವೇನಲ್ಲ. ಒಂದೇ ಲೋಟ ಭಂಗಿ ಕುಡಿದ ಇಬ್ಬರಲ್ಲಿ ಒಬ್ಬ ನಗುತ್ತಾ ಮನೆಗೆ ಹೋಗಿ, ಇನ್ನೊಬ್ಬ ಭೀತಿಯಿಂದ ರಾತ್ರಿಯಿಡೀ ನಡುಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಗಮನಿಸಬೇಕಾದದ್ದೆಂದರೆ, ಸೇದುವವನಲ್ಲಿ ಮೊದಲ ಅಮಲು ಪಿತ್ತಜನಕಾಂಗವನ್ನು ದಾಟಿ ಬರಬೇಕಾಗಿಲ್ಲ. ಆದ್ದರಿಂದ ಈ ಕಿಣ್ವದ ಏರುಪೇರು ಕುಡಿಯುವವನಲ್ಲಿ ಆಗುವಷ್ಟು ಪ್ರಭಾವ ಅವನ ಮೇಲೆ ಬೀರಲಾರದು. ವ್ಯಕ್ತಿಯ ಒಳಗುಣ ಮತ್ತು ಸೇವನೆಯ ರೂಪ ಎರಡು ಪ್ರತ್ಯೇಕ ಕಾರಣಗಳಲ್ಲ. ಯಾವ ಒಳಗುಣ ಮೇಲೇಳಬೇಕೆಂಬುದನ್ನು ರೂಪ ನಿರ್ಧರಿಸುತ್ತದೆ. ಆದ್ದರಿಂದ ನನ್ನ ಪ್ರತಿಪಾದನೆಯನ್ನು ‘ವ್ಯಕ್ತಿಗಿಂತ ರೂಪ ಮುಖ್ಯ’ ಎಂದು ಓದಬಾರದು. ‘ರೂಪವನ್ನು ಹೇಳದೆ ವ್ಯಕ್ತಿಭೇದವನ್ನು ಅಳೆಯಲಾಗದು’ ಎಂದು ಓದಬೇಕು.

ಚಿತ್ತವಿಕಲತೆಯ ವಿಷಯದಲ್ಲೂ ಪುರಾವೆ ಇತ್ತಲೇ ಬರುತ್ತಿದೆ. ಮಾರ್ತಾ ದಿ ಫೋರ್ತಿ ಮತ್ತು ಸಂಗಡಿಗರು ಯೂರೋಪ್ ಮತ್ತು ಬ್ರೆಜಿಲ್‌ನ 11 ಕೇಂದ್ರಗಳಿಂದ 2019ರಲ್ಲಿ ವರದಿ ಮಾಡಿದಂತೆ, ಟಿಎಚ್‌ಸಿ ಶೇ. 10 ಅಥವಾ ಹೆಚ್ಚಿರುವ ಗಾಂಜಾವನ್ನು ದಿನವೂ ಸೇವಿಸುವವರಲ್ಲಿ ಚಿತ್ತವಿಕಲತೆಯ ಸಾಧ್ಯತೆ ಎಂದೂ ಸೇವಿಸದವರಿಗಿಂತ ಸುಮಾರು ಐದು ಪಟ್ಟು. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲಿನ ಸರಾಸರಿ ಟಿಎಚ್‌ಸಿ 1995ರಲ್ಲಿ ಶೇ. 4ರಷ್ಟಿದ್ದು 2014ರ ಹೊತ್ತಿಗೆ ಶೇ. 12ಕ್ಕೆ ಏರಿತ್ತು. ಆಂಥೊನಿಯವರ ಶೇ. 9 ಬಂದದ್ದು ಶೇ. 4ರ ಕಾಲದ ಸೇವನೆಯಿಂದ.

ನಮ್ಮ ಕಾನೂನು ಈ ಗೆರೆಯನ್ನು ಬೇರೆ ಕಾರಣಗಳಿಗಾಗಿ ಎಂದೋ ಎಳೆದಿದೆ. 1985ರ ಮಾದಕವಸ್ತು ಕಾಯ್ದೆ ಗಾಂಜಾವನ್ನು ಹೂ ಅಥವಾ ಕಾಯಿ ಬಿಟ್ಟ ತುದಿಗಳೆಂದು ವ್ಯಾಖ್ಯಾನಿಸಿ, ತುದಿಯ ಜತೆಗಿಲ್ಲದ ಎಲೆ ಮತ್ತು ಬೀಜವನ್ನು ಹೊರಗಿಟ್ಟಿತು. 2022ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಜಾಮೀನು ಪ್ರಕರಣವೊಂದರಲ್ಲಿ, ಗಾಂಜಾ ಅಥವಾ ಚರಸ್‌ನಿಂದ ತಯಾರಾದದ್ದೆಂಬ ಪುರಾವೆ ಇಲ್ಲದಾಗ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದಿತು. ಕಾನೂನು ಬೇರ್ಪಡಿಸಿದ್ದನ್ನು ಆರೋಗ್ಯದ ಅಂಕಿ ಬೆರೆಸುತ್ತಿದೆ. ಉತ್ತರ ಪ್ರದೇಶದಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿ ಅಂಗಡಿಗಳಿವೆ. ರಾಷ್ಟ್ರೀಯ ಸರಾಸರಿಗಿಂತ ಬಳಕೆ ಹೆಚ್ಚಿರುವ ರಾಜ್ಯಗಳಲ್ಲಿ ಅದೂ ಒಂದು. ಅಂಥ ಅಂಗಡಿಗಳಿಲ್ಲದ ಕರ್ನಾಟಕದಲ್ಲಿ ಸೇವಿಸುವವನು ಹೆಚ್ಚಾಗಿ ಸೇದುವವನೇ ಆಗಿದ್ದರೆ, ಉತ್ತರದ ಭಂಗಿಯಿಂದ ತಗ್ಗಿದ ರಾಷ್ಟ್ರೀಯ ಸರಾಸರಿ ನಮ್ಮ ಹುಡುಗರ ಅಪಾಯವನ್ನು ಕಡಿಮೆ ಮಾಡಿ ತೋರಿಸುತ್ತದೆ. ಈ ‘ಆಗಿದ್ದರೆ’ ಎಂಬುದನ್ನು ಒತ್ತಿ ಹೇಳುತ್ತೇನೆ. ಹದಿಹರೆಯದಲ್ಲೇ ಶುರುಮಾಡಿ ವಾರಕ್ಕೊಮ್ಮೆಗಿಂತ ಹೆಚ್ಚು ಸೇವಿಸುವವರಿಗಂತೂ ಈ ಸರಾಸರಿ ಅನ್ವಯಿಸುವುದಿಲ್ಲ. ವಾರಕ್ಕೊಮ್ಮೆ ಅಥವಾ ದಿನವೂ ಸೇವಿಸುವ ಎಳೆಯರಲ್ಲಿ ಅವಲಂಬನೆಯ ಅಪಾಯ ಶೇ. 33ರಷ್ಟೆಂದು ಲ್ಯೂಂಗ್ ತಂಡದ ಅಂದಾಜು.

ತೀರ್ಮಾನ ಬೇಕಾದವರಿಗೆ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಸಮೀಕ್ಷೆಯ ಮೂಲ ದತ್ತಾಂಶವನ್ನು ಬರೀ ಭಂಗಿ, ಬರೀ ಗಾಂಜಾ–ಚರಸ್, ಎರಡೂ ಎಂದು ಮೂರು ಗುಂಪಾಗಿ ಒಡೆದು, ಪ್ರತಿ ಗುಂಪಿನಲ್ಲೂ ಬಳಕೆಯ ಆವರ್ತನ ಮತ್ತು ಶುರುಮಾಡಿದ ವಯಸ್ಸನ್ನು ಸೇರಿಸಿದರೆ ನನ್ನ ಊಹಾಲೆಕ್ಕ ಉಳಿಯುತ್ತದೋ ಬೀಳುತ್ತದೋ ತಿಳಿಯುತ್ತದೆ. ಬಿಟ್ಟಾಗಿನ ಹಿಂಜರಿತ ಭಂಗಿಯವರಲ್ಲೂ ಸೇದುವವರಷ್ಟೇ ತೀವ್ರವೇ ಎಂಬುದು ಎರಡನೆಯ ಪ್ರಶ್ನೆ. ಅನೀಸ್ ಬಾಹ್ಜಿ ಮತ್ತು ಸಂಗಡಿಗರು 2020ರಲ್ಲಿ ನಿತ್ಯ ಅಥವಾ ನಿಯಮಿತ ಬಳಕೆದಾರರಲ್ಲಿ ಹಿಂಜರಿತದ ಪ್ರಮಾಣ ಒಟ್ಟಾರೆ ಶೇ. 47 ಎಂದು ಲೆಕ್ಕಹಾಕಿದರೂ, ಅದು ಸಾಮಾನ್ಯ ಜನರಲ್ಲಿ ಶೇ. 17, ಒಳರೋಗಿಗಳಲ್ಲಿ ಶೇ. 87. ಇಲ್ಲೂ ಮತ್ತದೇ ಛೇದದ ಪ್ರಶ್ನೆ. ನಿಮ್ಹಾನ್ಸ್‌ನಂಥ ವ್ಯಸನ ಚಿಕಿತ್ಸಾ ಕೇಂದ್ರಗಳ ಹೊರರೋಗಿ ಚೀಟಿಯಲ್ಲಿ ‘ಗಾಂಜಾ’ ಎಂಬ ಒಂದೇ ಅಂಕಣದ ಬದಲು ರೂಪ, ದಾರಿ, ದಿನಕ್ಕೆಷ್ಟು ಸಲ ಎಂಬ ಮೂರು ಅಂಕಣಗಳಿದ್ದರೆ, ಕೆಲವೇ ವರ್ಷಗಳಲ್ಲಿ ಇದಕ್ಕೆ ಕರ್ನಾಟಕದ್ದೇ ಉತ್ತರ ಸಿಗಬಹುದು.